ಬಾಲಕ್ಕೆ ಹೊದಿಸಿದ ವೇಷ್ಟಿ

ತಮಿಳುನಾಡಿನ ಉಡುಮಲೈಪೇಟೆಯ ಬಸ್ ನಿಲ್ದಾಣದಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿ ತಿರುಗಿದೆ. ಸೆಲ್ಲಮ್ಮ ಎಂಬಾಕೆ ತಮ್ಮ ತೆಂಗಿನ ತೋಟದಲ್ಲಿ ತರಬೇತಿ ವಿಮಾನ ಬಿದ್ದದ್ದನ್ನು ನಾದಿನಿ ಗೋಕಿಲಾಳಿಗೆ ಹೇಳುತ್ತಿದ್ದರು, ಸಿಟ್ಟಿನಿಂದ.

"ಓಡಿಸ್ತಿದ್ದದ್ದು ಇನ್ನೂ ಕಲಿಯೋ ಹುಡುಗಿ. ಕಾಲು ಮುರ್ಕೊಂಡು ಬಿಸಿಲಲ್ಲಿ ಬಿದ್ದಿತ್ತು ಕೂಸು."

"ಅಯ್ಯೋ ಪಾವಂ! ಕಲಿಸೋ ಸ್ಕೂಲವ್ರು ಬರಲಿಲ್ವಾ ಅತ್ತಿಗೆ?"

"ಬಂದ್ರು, ಜೀಪಲ್ಲಿ. ಇಳಿದೋರೇ, 'ಮುಚ್ಚೋಕೆ ದೊಡ್ಡ ಬಟ್ಟೆ ಕೊಡಮ್ಮಾ' ಅಂದ್ರು."

"ಅಯ್ಯೋ, ಹೋಗಿಬಿಡ್ತಾ?"

"ನಾನೂ ಹಂಗೇ ಅಂದ್ಕೊಂಡೆ. ನಿಮ್ಮಣ್ಣನ ಹೊಸಾ ಪಂಚೆ, ಆ ಜರಿ ವೇಷ್ಟಿನೇ ಕೊಟ್ಟು, ಎದೆ ಬಡ್ಕೊಂಡು ಅತ್ತುಬಿಟ್ಟೆ. ಆ ಕೂಸು ಕಣ್ಣು ಬಿಟ್ಟು, 'ಅಮ್ಮಾ, ನೀರು' ಅಂತು!"

"ಮತ್ತೆ ವೇಷ್ಟಿ ಯಾಕಂತೆ?"

"ವಿಮಾನದ ಬಾಲಕ್ಕೆ ಹೊದಿಸಿದ್ರು! ಅಲ್ಲಿ ಸ್ಕೂಲ್ ಹೆಸರು ಬರೆದಿತ್ತಲ್ಲ, ಟಿವಿಯವ್ರಿಗೆ ಕಾಣಬಾರ್ದಂತೆ. ಹಾಳಾಗ್ಲಿ ಅವ್ರ ಮರ್ಯಾದೆ! ಕೂಸಿನ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ."

"ಮತ್ತೆ ಕೂಸಿಗೆ ನೆರಳು?"

"ನನ್ನ ಸೆರಗು. ಆಂಬುಲೆನ್ಸ್ ಬರೋವರೆಗೂ ಹಿಡ್ಕೊಂಡೇ ಕೂತಿದ್ದೆ."

ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಗೋಕಿಲಾ ಹಿಂದೆ ತಿರುಗಿ ಕೇಳಿದಳು:

"ಅಣ್ಣನ ವೇಷ್ಟಿ ವಾಪಸ್ ಕೊಟ್ರಾ?"

"ಅವ್ರೆಲ್ಲಿ ಕೊಡ್ತಾರೆ! ನಾನೇ ಹೋಗಿ ಎಳ್ಕೊಂಡೆ, ಟಿವಿಯವ್ರು ಕ್ಯಾಮೆರಾ ಎತ್ತೋ ಹೊತ್ತಿಗೆ ಸರಿಯಾಗಿ."