ಕಾಂತಪ್ಪ ಧಣಿಯ ಹಳೇ ಕಾರು

ಇದು ಎಲ್ಲೋ, ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಚರಣನಿಗೇ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ಚರಣ ಚೆನ್ನೈಯ ಅಡ್ಯಾರಿನ ಒಂದು ಉಡುಪಿ ಹೋಟೆಲಲ್ಲಿ ಡ್ರೈವರ್. ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ತರುವವನೂ ಅವನೇ, ಗಾಡಿ ಕೆಟ್ಟರೆ ಅದರ ಕೆಳಗೆ ಮಲಗುವವನೂ ಅವನೇ. ಆ ರಾತ್ರಿ ಹೋಟೆಲಿನ ಶಟರ್ ಎಳೆದು, ಆಲದ ಮರ ದಾಟಿ ರೂಮಿಗೆ ನಡೆದು ಬರ್ತಾ ಇದ್ದ. ಒಂದು ಎಲೆ ಅಲ್ಲಾಡ್ತಿಲ್ಲ. ಅಲ್ಲಿಯ ಆ ಬೆವರು ಗೊತ್ತಲ್ಲ, ಸುಮ್ಮನೆ ನಿಂತರೂ ಇಳಿಯುವಂಥದ್ದು. ಮರದ ಆಚೆಗೇ ಹೋಟೆಲ್ ಧಣಿಗಳ ಮನೆ. ಅಲ್ಲಿಂದ ಒಂದು ಸದ್ದು...

ಗುಂಯ್ಯ್ಯ್...

ನಿಂತಿತು. ಮತ್ತೆ... ಗುಂಯ್ಯ್ಯ್...

ಚರಣನಿಗೆ ಗೊತ್ತಾಯಿತು. ಕಾಂತಪ್ಪ ಧಣಿಯ ಹಳೇ ಮಾರಿಸ್ ಕಾರಿನ ಸ್ಟಾರ್ಟರ್ ಮೋಟಾರು. ಮೋಟಾರು ತಿರುಗುತ್ತದೆ, ಅದರ ಹಲ್ಲು ಮಾತ್ರ ಹೋಗಿ ಎಂಜಿನ್ನನ್ನು ಹಿಡಿಯುವುದಿಲ್ಲ. ಗ್ರೈಂಡರಿನ ಮೋಟಾರು ಓಡಿ ಕಲ್ಲು ಅಲ್ಲಾಡದಿದ್ದ ಹಾಗೆ. ಆದರೆ ಈಗ ಸ್ಟಾರ್ಟರಿನ ಗುಂಡಿ ಎಳೆಯುತ್ತಿರುವುದು ಯಾರು? ಎರಡು ವರ್ಷದ ಹಿಂದೆ ಧಣಿ ತೀರಿಹೋದದ್ದು ಅದೇ ಸೀಟಲ್ಲಿ, ಅದೇ ಗುಂಡಿಯ ಮೇಲೆ ಕೈಯಿಟ್ಟು. ಅಂದಿನಿಂದ ಕಾರು ಸ್ಟಾರ್ಟ್ ಆಗಿಲ್ಲ.

ಹತ್ತಿರ ಹೋಗಿ ಬಗ್ಗಿ ನೋಡಿದ. ಧಣಿಯ ಮಗಳು ಪ್ರಣಮ್ಯಾ. ಬೆಳಗಾದರೆ ಮೈಲಾಪೂರಿನಲ್ಲಿ ಅವಳ ಮದುವೆ.

"ಎಂಥ ಮಾರಾಯ್ತಿ, ಜೀವ ಬಾಯಿಗೆ ಬಂತು! ಮದುಮಗಳಿಗೆ ಈ ಹೊತ್ತಲ್ಲಿ ಇಲ್ಲೆಂಥ ಕೆಲಸ?"

"ಮೆಲ್ಲ ಮಾತಾಡಿ ಚರಣಣ್ಣ, ಅಮ್ಮ ಎದ್ದರೆ ಬೈತಾರೆ. ನಾಳೆ ನಾನು ಇದರಲ್ಲೇ ಹೋಗೋದು. ಮಂಟಪಕ್ಕೆ ನಿನ್ನನ್ನು ನಾನೇ ಕರ್ಕೊಂಡು ಹೋಗುವುದು ಅಂತ ಅಪ್ಪ ಹೇಳ್ತಿದ್ರಲ್ಲ."

"ಮದರಂಗಿ ಕೈಯಲ್ಲಿ ಮೆಕ್ಯಾನಿಕ್ ಕೆಲಸ! ಹೋಗು, ಮಲಗು. ನಾನು ನೋಡ್ತೇನೆ."

ಅವಳು ಒಳಗೆ ಹೋದಳು. ಚರಣ ಬಾನೆಟ್ ಎತ್ತಿದ. ಅವನೇ ಆಗಾಗ ಚಾರ್ಜ್ ಮಾಡಿಸುತ್ತಿದ್ದ ಬ್ಯಾಟರಿ ಸರಿ ಉಂಟು, ಗುಂಡಿ ಎಳೆದಾಗ ಲೈಟು ಮಂಕಾಗಲಿಲ್ಲ. ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಯಾವತ್ತೋ ಕಳೆದುಹೋಗಿತ್ತು. ಉಳಿದದ್ದು ಹಳಬರ ಒಂದು ಉಪಾಯ. ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆಮುಂದೆ ತೂಗಬೇಕು. ಎಂಜಿನ್ ಸ್ವಲ್ಪ ತಿರುಗಿದರೆ ಹಲ್ಲಿಗೆ ಹಲ್ಲು ಸಿಕ್ಕೀತು. ಗೇರ್ ಹಾಕಿ ಕೆಳಗಿಳಿದು ಬಾಗಿಲ ಕಂಬಕ್ಕೆ ಹೆಗಲು ಕೊಟ್ಟ. ಹಿಂದೆ... ಮುಂದೆ... ಹಿಂದೆ... ಮುಂದೆ...

ಪಚಕ್.

ಚರಣ ಬಗ್ಗಿ ಚಕ್ರದಡಿ ನೋಡಿದ, ನಿಂಬೆಹಣ್ಣು ಅಪ್ಪಚ್ಚಿ.

ಬೆಳಗಿನ ಪೂಜೆಗೆಂದು ಧಣಿಯ ಹೆಂಡತಿ ರತ್ನಕ್ಕ ಸಂಜೆಯೇ ಮುಂದಿನ ಚಕ್ರಗಳ ಎದುರು ನಿಂಬೆಹಣ್ಣು ಇಟ್ಟಿದ್ದರು. ಅವಸರದಲ್ಲಿ ಅವನು ನೋಡಿರಲಿಲ್ಲ. ನಿಂಬೆ ಒಡೆಯುವಾಗ ಸ್ಟೇರಿಂಗಿನಲ್ಲಿ ಮನೆಯವರು ಯಾರಾದರೂ ಕೂತಿರಬೇಕು. ಖಾಲಿ ಸೀಟಿಗೆ ಒಡೆಯಬಾರದು. ಒಡೆದರೆ ಆ ಸೀಟು ಅದರಲ್ಲಿ ಕೊನೆಗೆ ಕೂತವರನ್ನು ಕರೆಯುತ್ತದೆ ಅಂತ ನಮ್ಮ ಅಜ್ಜಿ ಹೇಳ್ತಿದ್ದರು.

ಕಿರ್ರ್ರ್...

ಸೀಟಿನ ಸ್ಪ್ರಿಂಗು. ಡ್ರೈವರ್ ಬದಿಗೆ ಕಾರು ಮೆಲ್ಲಗೆ ತಗ್ಗಿತು. ದಪ್ಪ ಆಳು ಒಬ್ಬ ಒಳಗೆ ಕೂತ ಹಾಗೆ. ಧಣಿ ದಪ್ಪ ಆಳು.

"...ಧಣೀ?"

ಸೀಟಲ್ಲಿ ಯಾರೂ ಇಲ್ಲ. ಆದರೆ ಗುಂಡಿ ತಾನಾಗಿ ಹೊರಗೆ ಬಂತು... ಗುಂಯ್ಯ್ಯ್... ಮೆಲ್ಲಗೆ ಒಳಗೆ ಹೋಯಿತು. ಮತ್ತೆ ಬಂತು.

ಹುಡುಗಿಯ ಮಾತು ಚರಣನ ಕಿವಿಯಲ್ಲಿ ಕೊರೆಯಿತು. ಅಪ್ಪನೇ ಕರ್ಕೊಂಡು ಹೋಗುವುದು. ಸತ್ತವರು ಕರ್ಕೊಂಡು ಹೋಗುವುದು... ಎಲ್ಲಿಗೆ?

"ಧಣೀ, ನಿಮ್ಮ ಉಪ್ಪು ತಿಂದವ ನಾನು," ಅಂದ ಪಿಸುದನಿಯಲ್ಲಿ. "ಹುಡುಗಿ ಬದುಕಬೇಕಾದವಳು. ಬಿಟ್ಟುಬಿಡಿ."

ಗುಂಯ್ಯ್ಯ್...

ನಾನಾಗಿದ್ದರೆ ಓಡಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದೆ. ಚರಣ ಓಡಲಿಲ್ಲ. ಬ್ಯಾಟರಿಯ ವಯರು ಕಿತ್ತ. ಸದ್ದು ನಿಂತಿತು. ಬೋಲ್ಟು ಬಿಚ್ಚಿ ಸ್ಟಾರ್ಟರನ್ನೇ ಹೊರಗೆಳೆದ. ಅಂಗಿಯಲ್ಲಿ ಸುತ್ತಿ, ಮಗುವಿನ ಹಾಗೆ ಅವುಚಿಕೊಂಡು ರೂಮಿಗೆ ಹೋದ. ಬೆಳಗಿನವರೆಗೂ ಅದನ್ನು ಕೆಳಗಿಡಲಿಲ್ಲ.

ಬೆಳಗ್ಗೆ ಒಂದು ಆಟೋ ತಂದು ನಿಲ್ಲಿಸಿದ. "ಆಗ್ಲಿಲ್ಲಮ್ಮ, ರಿಪೇರಿ ಆಗ್ಲಿಲ್ಲ."

ರೇಷ್ಮೆ ಸೀರೆಯ ಪ್ರಣಮ್ಯಾ ಕಣ್ಣು ಕೆಂಪು ಮಾಡಿದಳು. "ಸುಳ್ಳು ಯಾಕೆ ಹೇಳ್ತೀರಿ ಚರಣಣ್ಣ? ಬೆಳಗಿನ ಜಾವ ಸ್ಟಾರ್ಟ್ ಆಯ್ತಲ್ಲ! ಎಷ್ಟು ಹೊತ್ತು ಓಡ್ತಾ ಇತ್ತು! ನೀವು ಒಳಗಿಂದ ಬಾಗಿಲು ತೆಗೆದದ್ದೂ ನೋಡಿದೆ. ಹತ್ತಲಿಕ್ಕೆ ಬಂದೆ, ಅಮ್ಮ ಎಳೆದು ಒಳಗೆ ಹಾಕಿದ್ರು."

"ಬಾಗಿಲು... ತೆಗೆದದ್ದು ನಾನಾ?"

"ಮತ್ಯಾರು?"

ರತ್ನಕ್ಕ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ಆಟೋ ಹತ್ತು ಮಗಾ," ಅಂದರು. ಅಷ್ಟೇ.

ಆಟೋ ಮೈಲಾಪೂರಿನ ದಾರಿ ಹಿಡಿಯಿತು. ಮದುವೆ ಚೆನ್ನಾಗಿಯೇ ಆಯಿತು, ಹುಡುಗಿ ಇವತ್ತಿಗೂ ಚೆನ್ನಾಗಿದ್ದಾಳೆ.

ಆಟೋ ಮರೆಯಾದ ಮೇಲೆ ಚರಣ ಒಬ್ಬನೇ ಬಾನೆಟ್ ಎತ್ತಿದ. ಸ್ಟಾರ್ಟರ್ ಇದ್ದ ಜಾಗ ಖಾಲಿ. ಬ್ಯಾಟರಿಯ ವಯರು ಅವನು ಬಿಟ್ಟ ಹಾಗೇ ನೇತಾಡುತ್ತಿತ್ತು. ಸುಮ್ಮನೆ ರೇಡಿಯೇಟರಿನ ಮೇಲೆ ಅಂಗೈಯಿಟ್ಟ.

ಚುರ್ರ್!

ಮದುವೆ ಊಟವನ್ನು ಎಡಗೈಯಲ್ಲಿ ಉಂಡ ಅವನು. ಬಲಗೈಯ ಸುಟ್ಟ ಬೊಬ್ಬೆಗೆ ಮುಲಾಮು ಹಚ್ಚಿದ್ದು ನಾನೇ.