ಹೊಸ್ತಿಲ ಮ್ಯಾಲಿನ ಕಂಬಳಿ

...ನಿಂದ್ರು, ವಿಕ್ರಾಂತ. ನಾ ಕುಂತ ಕಂಬಳಿ ದಾಟಬ್ಯಾಡ. ಒಂದು ಕಥಿ ಐತಿ, ನನಗ ಮೊದಲ ಹೇಳಿದಾಕಿ ನಿಮ್ಮ ಅಜ್ಜಿ ಮಲಕವ್ವ. ಅದನ್ನ ಕೇಳು, ಆಮ್ಯಾಲ ದಾಟೂದಿದ್ರ ದಾಟು. ಯಾಕ ನಗತಿ? ಖಾಕಿ ಹಾಕಿದ ಮ್ಯಾಲ ಅಜ್ಜಿ ಕಥಿ ಕೇಳಬಾರದಂತ ಕಾಯ್ದೆ ಐತೇನು?

ಕಟ್ಟಿ ಮ್ಯಾಲ ಕುಂದ್ರು. ನನ್ನ ಮೊಮ್ಮಗನ್ನ ಒಯ್ಯಾಕ ಬಂದಿ, ಗೊತ್ತೈತಿ. ಬಾಳೇಶ ಮಾಡಿದ್ದರ ಏನು? ಕಾರಖಾನಿ ಹೊಲಸು ನೀರು ಹೊಳಿಗೆ ಬಿಟ್ಟಿದ್ದು, ಹೊಳ್ಯಾಗಿನ ಮೀನು ಸತ್ತಿದ್ದು... ಮೊಬೈಲನ್ಯಾಗ ಹಾಕಿದ. ನೋಟೀಸ ಐತೇನು? ಇಲ್ಲ. ವಾರಂಟ? ಅದೂ ಇಲ್ಲ. ‘ಬರೇ ವಿಚಾರಣೆ’ ಅಂತಿ. ಅವನ ಗೆಳೆಯ ಲಖನನ್ನೂ ಹಿಂಗ ಅಂದ ಒಯ್ದಿದ್ರಿ. ಇನ್ನೂ ನೆಟ್ಟಗ ಕುಂದ್ರಾಕ ಬರವಲ್ದು ಅವಗ.

ಇರಲಿ. ಕಥಿ.

ದಿಗ್ಗೇವಾಡಿ ಹೊಳಿದಂಡಿಗೆ ಒಂದು ಕುರಿಹಟ್ಟಿ. ದೇಸಾಯಿಗೆ ಬಿಟ್ಟಿ ದುಡಿಯಂಗಿಲ್ಲ ಅಂದಾವ ಒಬ್ಬ ಓಡಿಬಂದು ಹಟ್ಟಿ ಹೊಕ್ಕ. ಬೆನ್ನಿಗೇ ದೇಸಾಯಿ, ಕುದರಿ ಮ್ಯಾಲ. ಕುರುಬ ಹಟ್ಟಿ ಬಾಯಿಗೆ ಕಂಬಳಿ ಹಾಸಿ, ಬೀರಪ್ಪ ದೇವರ ಅರಿಷಿಣ ಭಂಡಾರ ಚೆಲ್ಲಿ, ಅದರ ಮ್ಯಾಲ ಕುಂತ. ನೆಲ ನಂದು, ಹುಲ್ಲು ನಂದು, ನೀನೂ ನನ್ನಾವ ಅಂದ ದೇಸಾಯಿ. ಕುಂತಲ್ಲಿಂದನ ಕುರುಬ ಅಂದ,

“ಎಲ್ಲಾ ನಿಮ್ದ ಐತ್ರಿ. ಅದಕ್ಕ ನಿಮಗ ದಾಟಬಾರದಂತ ಒಂದು ಗೆರಿ ಬೇಕ್ರಿ. ಏನೂ ಇಲ್ಲದಾವಗ ಗೆರಿ ಯಾಕ್ರಿ?”

ದೇಸಾಯಿ ಕುದರಿ ಇಳದ. ಹಿರ್ಯಾರನ್ನ ಕರಸಿದ. ಅವರ ಮುಂದ ನ್ಯಾಯ ಆತು.

ನನ್ನ ಮೊಮ್ಮಗಳು ನೀಲಮ ಸಾಲ್ಯಾಗ ದಿನಾ ಸಂವಿಧಾನ ಓದತಾಳ. ಅದರೊಳಗಿನ ದೊಡ್ಡ ದೊಡ್ಡ ಮಾತು ನನಗ ತಿಳಿಯಂಗಿಲ್ಲಪ. ಸರಕಾರದ ಮುಂದ ಹಾಸಿದ ಕಂಬಳಿ... ಹಂಗ ತಿಳಕೊಂಡೀನಿ.

ಕಂಬಳಿನ ನೋಡಾಕತ್ತಿ. ಹೂಂ... ಇದರ ಮ್ಯಾಲ ಕುಂತಾವ ಸುಳ್ಳಾಡಬಾರದು. ಅದನ್ನೂ ನಿಮ್ಮ ಅಜ್ಜಿನ ಹೇಳ್ಯಾಳ. ಒಳಗ ಅದಾನೇನು ಅಂತ ಬಂದಕೂಡ್ಲೇ ಕೇಳಿದಿ. ನಾ ಕಥಿ ಹಿಡದೆ. ಇನ್ನೊಮ್ಮೆ ಕೇಳಿದ್ರ ಇನ್ನೊಂದು ಕಥಿ ಹಿಡಿತಿದ್ದೆ. ಹಿಂಗ ಸುಮ್ಮ ಕುಂತರ ನಾ ಏನ ಮಾಡಲಿ...

ಬೀರಪ್ಪ ನೋಡಾಕತ್ತಾನ. ಅದಾನಪ. ಒಳಗ, ಜ್ವಾಳದ ಚೀಲದ ಹಿಂದ.

ಎದ್ದಿ? ಬೂಟ ಕಂಬಳಿ ಅಂಚಿಗೆ ಬಂದೈತಿ, ವಿಕ್ರಾಂತ. ನಾ ಏಳಂಗಿಲ್ಲ. ವಾರಂಟ ತಾ. ನಾನ ಕಂಬಳಿ ಮಡಚಿ, ಅವನ ಕೈ ಹಿಡದು ಕರಕೊಂಡ ಬರ್ತೀನಿ. ಅಲ್ಲೀತನಕ...

ಹಾಂ. ಹಿಂದಕ್ಕ ಸರದಿ.

ಟೋಪಿ ಕಟ್ಟಿ ಮ್ಯಾಲ ಬಿಟ್ಟಿ, ತಗೊ. ಸಾಹೇಬರು ಕೇಳಿದ್ರ ಹುಡುಗ ಮನ್ಯಾಗ ಇಲ್ಲಂತ ನೀನೂ ಸುಳ್ಳಾಡಬ್ಯಾಡ. ಈ ಕಥಿ ಹೇಳು ಅವರಿಗೆ. ಮಲಕವ್ವ ಹೇಳಿದಂಗ ಹೇಳು, ಆ ಗೆರಿ ಮಾತು ಮಾತ್ರ ನುಂಗಬ್ಯಾಡ.