ಸಿಗದವರ ಮಂಚ

ಯುದ್ಧದಲ್ಲಿ ಸತ್ತವರ ಮೂಳೆಗಳನ್ನು ಪಂಗಡಕ್ಕೊಂದರಂತೆ ಪೆಟ್ಟಿಗೆಗಳಲ್ಲಿ ತುಂಬಿ ಅಥೆನ್ಸಿನ ಚಪ್ಪರದಡಿ ಇಟ್ಟಿದ್ದರು. ಹೆಣವೂ ಸಿಗದವರಿಗೆಂದು ಕೊನೆಯಲ್ಲೊಂದು ಖಾಲಿ ಮಂಚಕ್ಕೆ ಹೊದಿಕೆ ಹಾಸಿತ್ತು. ಅಣ್ಣನಿಗೆಂದು ಎಣ್ಣೆಯ ಕುಡಿಕೆ ಹಿಡಿದು ಆ ಮಂಚದ ಸಾಲಿನಲ್ಲಿ ನಿಂತಿದ್ದ ಲೈಸಿಲ್ಲಾಳ ಕಿವಿಗೆ ಮುಂದಿದ್ದ ಇಬ್ಬರ ಮಾತು ಬೀಳುತ್ತಿತ್ತು.

"ಈ ಸಾಲೂ ಗಂಡಸರ ಸಭೆ ಥರಾನೇ ಮಿಕಾ ಅಕ್ಕಾ, ಮುಂದಕ್ಕೇ ಹೋಗಲ್ಲ," ಎಂದಳು ಚಿಕ್ಕವಳು.

"ಹೋಗಿ ಏನಾಗ್ಬೇಕು ಫಿಲ್ತೆ. ಅಲ್ಲೇನು ನನ್ನ ಮಗ ಇದಾನಾ?"

"ಇಬ್ರೂ ಇದ್ದ ಹಡಗು ಒಡೆದಾಗ ದಡ ಕಾಣ್ತಿತ್ತಂತೆ. ನಮ್ಮೋರು ಈಜ್ಕೊಂಡು ಬಂದ್ರು."

"ನಿನ್ನ ಗಂಡ ಬಂದರಿನಲ್ಲೇ ಬೆಳೆದೋನು. ನಮ್ಮೋನು ಬೆಟ್ಟದಲ್ಲಿ ಮೇಕೆ ಕಾದೋನು. ಕಡಲ ಹತ್ರ ಹೋದ ಅಂತ ಗೊತ್ತಾದ್ರೆ ಬಾಸುಂಡೆ ಬರೋ ಹಾಗೆ ಬಾರಿಸ್ತಿದ್ದೆ."

"ಭಯಕ್ಕೆ ತಾನೇ ಹೊಡೆದಿದ್ದು."

"ಎಲ್ಲಿ ಮುಳುಗಿಬಿಡ್ತಾನೋ ಅಂತ ಹೊಡ್ದೆ ಕಣೇ! ಒಂದಿನ ತಲೆಗೂದಲೆಲ್ಲ ಉಪ್ಪು ಮಾಡ್ಕೊಂಡು ಬಂದ. 'ಅಮ್ಮಾ, ಇವತ್ತು ತೇಲಿದೆ' ಅಂದ. ಅವತ್ತೇ ಜಾಸ್ತಿ ಏಟು ಬಿದ್ದಿದ್ದು. ಆಮೇಲೆ ಹೋಗ್ಲೇ ಇಲ್ಲ."

ಅವರ ಸರದಿ ಬಂತು.

"ಆ ಜೇನಿನ ರೊಟ್ಟಿ ಕೊಡಿ ಅಕ್ಕಾ, ನಾನಿಡ್ತೀನಿ."

"ಕಾಲ ಹತ್ರ ಬೇಡ ಕಣೇ, ತಲೆ ಹತ್ರ ಇಡು. ನಿದ್ದೇಲಿ ಒದೀತಾನೆ."

ಮಿಕಾ ಹೊದಿಕೆಯ ಸುಕ್ಕು ಸರಿಮಾಡಿದಳು. ಇಬ್ಬರೂ ಬಿಸಿಲಿಗೆ ಇಳಿದು ಹೋದರು.

ಲೈಸಿಲ್ಲಾ ಕುಡಿಕೆಯನ್ನು ಮಂಚದ ಮೇಲೆ ಕಾಲಿನ ಕಡೆ ಇಡಲು ಬಗ್ಗಿದವಳು, ಒಂದು ಗಳಿಗೆ ತಡೆದು, ತಲೆಯ ಕಡೆಗೆ ನಡೆದಳು.